ಪೋಲೋ ಜಿಟಿಗೆ ಹೊಸ ಟೈರು: 185ರಿಂದ 195ಕ್ಕೆ, 22,000 ಕಿ.ಮೀ. ಲೆಕ್ಕ

ಕಾರು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, 2014ರ ಮಾಡೆಲ್. 1.2 ಲೀಟರ್ ಟರ್ಬೊ, 105 ಪಿಎಸ್, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಕಂಪನಿ ಕೊಟ್ಟ ಅಳತೆ 185/60 ಆರ್15 (ಅಗಲ 185 ಮಿ.ಮೀ., ಸೈಡ್‌ವಾಲ್ ಅಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡ 60, ರಿಮ್ 15 ಇಂಚು), ಆರಿಂಚು ಅಗಲದ ಅಲಾಯ್ ರಿಮ್. ವಾರವಿಡೀ ಬೆಂಗಳೂರಿನ ಓಡಾಟ, ತಿಂಗಳಿಗೊಮ್ಮೆ ಶಿರಾಡಿಯೋ ಚಾರ್ಮಾಡಿಯೋ ಇಳಿದು ಕರಾವಳಿ. ತಲೆಬರಹದಲ್ಲಿರುವ ಅಂಕಿಗಳು ಆಗ ಓಡೋಮೀಟರ್ ತೋರಿಸಿದ ಒಟ್ಟು ಕಿ.ಮೀ.

61,400 ಕಿ.ಮೀ.: ಹಳೆ ಟೈರು

ಮುಂದಿನ ಎರಡರಲ್ಲಿ 2.3 ಮಿ.ಮೀ. ಬಟನ್, ಅಂದರೆ ತೋಡುಗಳ ಆಳ, ಉಳಿದಿದೆ, ಹಿಂದೆ 3.2. ಕಾನೂನಿನ ಗೆರೆ 1.6 ಮಿ.ಮೀ. ತೋಡಿನ ತಳದಲ್ಲಿ ಅಡ್ಡಲಾಗಿ ಕೂತಿರುವ ಪುಟ್ಟ ದಿಬ್ಬ ಬಟನ್ನಿನ ಸಮಕ್ಕೆ ಬಂತೆಂದರೆ ಆ ಗೆರೆ ಮುಟ್ಟಿದ ಹಾಗೆ. ಘಟ್ಟದ ಮಳೆಗೆ ಆ ಲೆಕ್ಕ ಸಾಲದು. 3 ಮಿ.ಮೀ.ಗಿಂತ ಕೆಳಗಿಳಿದ ಟೈರು ನಿಂತ ನೀರಿನ ಮೇಲೆ ತೇಲಲು ಹವಣಿಸುತ್ತಿರುತ್ತದೆ. ಹಾಗಾಗಿ ಈ ಕಾರಿಗೆ 3 ಮಿ.ಮೀ.ಯೇ ಕೊನೆ.

ತಯಾರಿಕೆ ಸಂಖ್ಯೆ 3118, ಅಂದರೆ 2018ರ 31ನೇ ವಾರ. ವಯಸ್ಸಾದ ರಬ್ಬರಿಗೆ ಉಗುರು ಒತ್ತಿದರೆ ಗುರುತೇ ಬೀಳುವುದಿಲ್ಲ, ತೋಡಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಬಟನ್ ಇದ್ದರೂ ಒದ್ದೆ ರಸ್ತೆಯಲ್ಲಿ ಎಬಿಎಸ್ ಬೇಗ ಬೇಗ ಕೂಗಲು ಶುರುವಾದರೆ ಕಾರಣ ಇದೇ.

ಅಳೆಯುವಾಗ ನಡುವಿನ ತೋಡು ಮಾತ್ರ ನೋಡಬೇಡಿ. ಒಳಅಂಚು, ನಡು, ಹೊರಅಂಚು ಮೂರೂ ಬರೆದಿಟ್ಟುಕೊಳ್ಳಿ. ಮೂರು ಸಂಖ್ಯೆಯ ಉಪಯೋಗ 67,700ರಲ್ಲಿ ಬರುತ್ತದೆ.

ಅಳತೆ ಯಾವುದು

ನಿಜವಾದ ಆಯ್ಕೆ ನಾಲ್ಕು. ಇದ್ದ 185/60ರ ಹೊರ ವ್ಯಾಸ 603 ಮಿ.ಮೀ. 195/55 ಹಾಕಿದರೆ 595.5, 195/60 ಹಾಕಿದರೆ 615, 205/55 ಹಾಕಿದರೆ 606.5. ಲೆಕ್ಕ ಸುಲಭ: ಅಗಲವನ್ನು ಶೇಕಡಾವಾರಿಗೆ ಗುಣಿಸಿ, ಎರಡರಿಂದ ಗುಣಿಸಿ, 15 ಇಂಚಿನ 381 ಮಿ.ಮೀ. ಕೂಡಿಸಿ.

ಕಾಗದದ ಮೇಲೆ 205/55 ಅಚ್ಚುಕಟ್ಟು, ಆದರೆ ನಮ್ಮ ಅಂಗಡಿಗಳಲ್ಲಿ ಸಿಗುವುದು ಅಪರೂಪ. ದಾರಿ ಮಧ್ಯೆ ಒಂದು ಟೈರು ಹರಿದರೆ ಹಾಸನದಲ್ಲಿ ಸಿಗದ ಅಳತೆ ಹಾಕಿಕೊಂಡು ಪ್ರಯೋಜನವಿಲ್ಲ. 195/55 ತಿರುವಿನಲ್ಲಿ ಚುರುಕು, ಆದರೆ ಕಾರು ಸುಮಾರು 4 ಮಿ.ಮೀ. ಕೆಳಗಿಳಿಯುತ್ತದೆ, ಸೈಡ್‌ವಾಲ್ 111ರಿಂದ 107ಕ್ಕೆ ಬರುತ್ತದೆ. ನಾಲ್ಕು ಮಿ.ಮೀ. ಏನು ಮಹಾ ಎನ್ನಬಹುದು. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಇರುವುದು ಆ ರಬ್ಬರು ಮತ್ತು ಗಾಳಿ ಮಾತ್ರ.

195/60ರಲ್ಲಿ ಸೈಡ್‌ವಾಲ್ 117, ಕಾರು 6 ಮಿ.ಮೀ. ಮೇಲಕ್ಕೆ. ಲೋಡ್ ಸೂಚಿ 88, ಅಂದರೆ ಒಂದು ಟೈರಿಗೆ 560 ಕೆ.ಜಿ.; ಮಾಮೂಲಿ 185/60ರದು 84, 500 ಕೆ.ಜಿ. ಆರಿಂಚಿನ ರಿಮ್ಮಿಗೆ ಹೇಳಿಮಾಡಿಸಿದ ಅಗಲ. ಫಿಯಾಟ್ ಲಿನಿಯಾಕ್ಕೂ ಇದೇ ಅಳತೆ ಬರುತ್ತಿದ್ದುದರಿಂದ ಅಂಗಡಿಯವರಿಗೆ ಹೊಸದೇನಲ್ಲ. ವ್ಯಾಸ ಶೇಕಡ 2 ಹೆಚ್ಚು, ಅಂದರೆ ಇಂಜಿನ್ನಿನ ಒಂದು ಸುತ್ತಿಗೆ ಕಾರು ಅಷ್ಟು ಹೆಚ್ಚು ದೂರ ಹೋಗುತ್ತದೆ, ಗೇರು ಉದ್ದವಾದ ಹಾಗೆ. ಸಿಗ್ನಲ್ಲಿನಿಂದ ಹೊರಡುವಾಗ ಕೊಂಚ ಮಂದ ಅನ್ನಿಸುತ್ತದೆ. 175 ಎನ್‌ಎಂ ಟಾರ್ಕ್ ಇರುವ ಇಂಜಿನ್ನಿಗೆ ಅದು ಹೊರೆಯಲ್ಲ.

ನಿರ್ಧಾರ: 195/60 ಆರ್15 88ವಿ. ‘ವಿ’ ಎಂದರೆ 240 ಕಿ.ಮೀ. ವೇಗಕ್ಕೆ ತಕ್ಕ ಕಟ್ಟು. ಆ ವೇಗ ಬೇಕಾಗಿಲ್ಲ, ಆದರೆ ಸಾಮಾನ್ಯವಾಗಿ ‘ವಿ’ ಟೈರಿನ ಕಟ್ಟು ಬಿಗಿ, ಸ್ಟಿಯರಿಂಗ್ ತಿರುಗಿಸಿದ್ದಕ್ಕೆ ಬೇಗ ಓಗೊಡುತ್ತದೆ.

ಯಾವ ಜಾತಿಯ ಟೈರು

2020ರ ಜೂನ್‌ನಲ್ಲಿ ಟೈರು ಆಮದಿಗೆ ಸರ್ಕಾರದ ಪರವಾನಗಿ ಕಡ್ಡಾಯವಾದ ಮೇಲೆ 15 ಇಂಚಿನಲ್ಲಿ ಅಪ್ಪಟ ಸ್ಪೋರ್ಟ್ ಟೈರು ಹುಡುಕುವುದು ದುಸ್ತರ. ಉಳಿದವನ್ನು ಎರಡು ಗುಂಪು ಮಾಡಬಹುದು. ಬ್ರಿಜ್‌ಸ್ಟೋನ್ ಇಕೋಪಿಯಾದಂಥವು ಇಂಧನ ಉಳಿಸುವ ಗುಂಪು. ಮಿಶೆಲಿನ್ ಪ್ರೈಮಸಿ, ಬ್ರಿಜ್‌ಸ್ಟೋನ್ ಟುರಾನ್ಜಾ, ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಟೂರಿಂಗ್ ಗುಂಪು. ಜಿಟಿಯಂಥ ಕಾರಿಗೆ ಎರಡನೆಯದೇ ಸರಿ. ಮೊದಲನೆಯದರಲ್ಲಿ ಮೈಲೇಜು ಸಿಗುತ್ತದೆ, ಆದರೆ ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಬೇಗ ಕೈಬಿಡುತ್ತದೆ.

ಗುಂಪಿನೊಳಗೆ ಯಾವ ಕಂಪನಿ ಎಂಬುದನ್ನು ದಾಸ್ತಾನು ತೀರ್ಮಾನಿಸಲಿ. ಜೆ.ಸಿ. ರಸ್ತೆಯಲ್ಲಿ ನಾಲ್ಕು ಕಡೆ ಕೇಳಿ, ನಾಲ್ಕೂ ಟೈರಿನ ತಯಾರಿಕೆ ವಾರ ಕೇಳಿ. ಆರು ತಿಂಗಳೊಳಗಿನ ಎರಡನೇ ಇಷ್ಟದ ಟೈರು ಎರಡು ವರ್ಷ ಗೋದಾಮಿನಲ್ಲಿ ಮಲಗಿದ್ದ ಮೊದಲ ಇಷ್ಟದ ಟೈರಿಗಿಂತ ಮೇಲು. ಇಲ್ಲಿ ಹಾಕಿದವುಗಳಲ್ಲಿ ಮೂರು ಒಂದೇ ವಾರದವು, ಒಂದು ಐದು ವಾರ ಹಿಂದಿನದು. ಅದು ಹಿಂದಿನ ಎಡಕ್ಕೆ ಹೋಯಿತು.

61,480: ಕೂರಿಸಿದ ದಿನ

ಟೈರಿನ ಅರ್ಧ ಆಯುಸ್ಸು ಈ ಒಂದು ಗಂಟೆಯಲ್ಲಿ ನಿರ್ಧಾರವಾಗುತ್ತದೆ. ಅಂಗಡಿಯವನ ಪಕ್ಕದಲ್ಲೇ ನಿಂತು ನೋಡಿದರೆ ಅವನಿಗೆ ಸ್ವಲ್ಪ ಕಿರಿಕಿರಿ. ನಿಲ್ಲಿ.

ಹಳೆ ಟೈರು ಬಿಚ್ಚಿದ ಮೇಲೆ ರಿಮ್ಮಿನ ತುಟಿಯನ್ನು, ಅಂದರೆ ಟೈರಿನ ಬೀಡ್ ಕೂರುವ ಜಾಗವನ್ನು, ತಂತಿ ಬ್ರಷ್‌ನಲ್ಲಿ ಉಜ್ಜಿಸಬೇಕು. ಅಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಗಾಳಿಯ ಒತ್ತಡ ವಾರಕ್ಕೆ ಎರಡು ಪಿಎಸ್‌ಐ ತಾನಾಗಿ ಇಳಿಯುತ್ತದೆ, ಪಂಕ್ಚರ್ ಅಂಗಡಿಯವನು ನೀರಿನಲ್ಲಿ ಎಷ್ಟು ಮುಳುಗಿಸಿದರೂ ಮೊಳೆ ಸಿಗುವುದಿಲ್ಲ. ಗಾಳಿ ತುಂಬುವ ರಬ್ಬರ್ ವಾಲ್ ನಾಲ್ಕೂ ಹೊಸದು. ಟೀ ಕುಡಿದಷ್ಟು ಖರ್ಚಿನ ಆ ಸಾಮಾನನ್ನು ಹಳೆಯದೇ ಬಿಡುವ ಅಂಗಡಿಗಳುಂಟು.

ಟೈರಿನ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಜಾಗ, ವಾಲ್ ಪಕ್ಕಕ್ಕೆ ಬರಬೇಕು. ಹೊರಮೈ, ಒಳಮೈ ಎಂದು ಬರೆದಿರುವ ಮಾದರಿಯಾದರೆ ‘ಔಟ್‌ಸೈಡ್’ ಎಂಬ ಬರಹ ನಾಲ್ಕು ಕಡೆಯೂ ಹೊರಗೆ ಕಾಣಬೇಕು. ಗಾಳಿ ತುಂಬುವಾಗ ಎರಡು ‘ಠಪ್’ ಸದ್ದು ಕೇಳಿ, ರಿಮ್ಮಿನ ಪಕ್ಕದ ಸಣ್ಣ ಗೆರೆ ಸುತ್ತಲೂ ಸಮವಾಗಿ ಕಂಡರೆ ಬೀಡ್ ಕೂತಿದೆ. ಗೆರೆ ಒಂದು ಕಡೆ ಮುಳುಗಿದ್ದರೆ ಗಾಳಿ ಬಿಟ್ಟು ಮತ್ತೆ ಕೂರಿಸಬೇಕು. ಹಾಗೇ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿದರೆ ತೂಕ ಅಂಟಿಸಿ ಅಂಟಿಸಿ ಸಾಕಾಗುತ್ತದೆ.

ಬೋಲ್ಟಿನ ವಿಷಯ. ಫೋಕ್ಸ್‌ವ್ಯಾಗನ್ನಿನಲ್ಲಿ ನಟ್ ಅಲ್ಲ, ಬೋಲ್ಟ್: ಎಂ14, 1.5 ಪಿಚ್. ಕಂಪನಿ ರಿಮ್ಮಿಗೆ ಬೋಲ್ಟಿನ ತಲೆ ಕೆಳಗೆ ದುಂಡಗಿರುತ್ತದೆ, ಹೊರಗಿನ ಅಲಾಯ್‌ಗಳಿಗೆ ಸಾಮಾನ್ಯವಾಗಿ ಓರೆಯಾದದ್ದು. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ತಾಗುವುದು ಒಂದು ಗೆರೆಯಷ್ಟು ಜಾಗ. ಬಿಗಿಯಾದಂತೆ ಕಂಡು ಸಡಿಲವಾಗುತ್ತದೆ. ಬಿಗಿಸುವುದು ಮೊದಲು ಕೈಯಲ್ಲಿ, ಆಮೇಲೆ ಒಂದು ಬಿಟ್ಟು ಒಂದರಂತೆ, ಕೊನೆಗೆ ಬಿಗಿಯನ್ನು ಅಳೆಯುವ ಟಾರ್ಕ್ ರೆಂಚಿನಲ್ಲಿ 120 ಎನ್‌ಎಂ. ಬೋಲ್ಟ್ ಬಿಗಿಸುವ ಗನ್ನಿನಲ್ಲಿ ಹೊಡೆದು ಬಿಟ್ಟದ್ದನ್ನು ರಾತ್ರಿ ಸಕಲೇಶಪುರದ ಮಳೆಯಲ್ಲಿ ಕಾರಿನ ಪುಟ್ಟ ಪಾನಾದಿಂದ ಬಿಚ್ಚಲು ಆಗುವುದಿಲ್ಲ.

ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಮಡ್‌ಗಾರ್ಡಿನ ಒಳಪದರಕ್ಕೆ ತಾಗುತ್ತದೆಯೇ ನೋಡಿದ್ದಾಯಿತು. ತಾಗುವುದಿಲ್ಲ. ಒಳಗಡೆ ಶಾಕ್ ಅಬ್ಸಾರ್ಬರ್ ಕಡೆ ಟೈರು ಹೆಚ್ಚು ಚಾಚುವುದು 5 ಮಿ.ಮೀ., ಬೆರಳು ಸಲೀಸಾಗಿ ತೂರುತ್ತದೆ.

ಹೊಸ ಟೈರಿನ ಬಟನ್: 7.8 ಮಿ.ಮೀ. ಅಚ್ಚಿನಿಂದ ಬಿಡಿಸಲು ಬಳಸುವ ಪದಾರ್ಥ ಮೈಮೇಲಿರುವುದರಿಂದ ಮೊದಲ 200–300 ಕಿ.ಮೀ. ಮೆಲ್ಲಗೆ. ಕೊನೆಯ ಕೆಲಸ, ವಾಲ್‌ನ ನೇರಕ್ಕೆ ಟೈರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು.

61,800: ಗೀಟು ಜರುಗಿದೆ

95ರಿಂದ 105ರ ನಡುವೆ ಸ್ಟಿಯರಿಂಗ್ ಸಣ್ಣಗೆ ನಡುಗುತ್ತದೆ, ಆಚೀಚೆ ಇಲ್ಲ. ಇದು ಬ್ಯಾಲೆನ್ಸಿನದೇ ಚಹರೆ. ಮುಂದಿನ ಎಡ ಚಕ್ರದಲ್ಲಿ ಸೀಮೆಸುಣ್ಣದ ಗೀಟು ವಾಲ್‌ನಿಂದ ಎರಡು ಬೆರಳು ದೂರ ಹೋಗಿದೆ. ಕೂರಿಸುವಾಗ ಸೋಪಿನ ನೀರು ಧಾರಾಳವಾಗಿ ಬಳಿದು, ಅದು ಒಣಗುವ ಮೊದಲೇ ಬ್ರೇಕ್ ಜೋರಾಗಿ ಬಿದ್ದರೆ ರಿಮ್ ನಿಂತರೂ ಟೈರು ಒಂದಿಷ್ಟು ಜಾರುತ್ತದೆ. ಕೂರಿಸಿದ ದಿನ ಸೊನ್ನೆ ತೋರಿಸಿದ ಯಂತ್ರ ಈಗ ಹೊರಗಡೆ 15 ಗ್ರಾಂ ಕೇಳಿತು. ಮತ್ತೆ ಬ್ಯಾಲೆನ್ಸ್ ಮಾಡಿದ ಮೇಲೆ ನಡುಕ ಇಲ್ಲ, ಗೀಟೂ ಅಲುಗಿಲ್ಲ. ಗೀಟು ಹಾಕದಿದ್ದರೆ ರಿಮ್ ಬೆಂಡ್, ಡ್ರೈವ್ ಶಾಫ್ಟ್ ಎಂದು ಊರೆಲ್ಲ ಹುಡುಕುವ ಕೆಲಸ.

ಬೋಲ್ಟುಗಳನ್ನು ಇದೇ ಸಲ ಮತ್ತೆ 120ಕ್ಕೆ ನೋಡಿದ್ದಾಯಿತು. ಎರಡು ಒಂದು ಎಳೆಯಷ್ಟು ತಿರುಗಿದವು.

ಸ್ಪೀಡೋಮೀಟರ್: ಮುಳ್ಳು 100ರಲ್ಲಿದ್ದಾಗ ಹಳೆ ಟೈರಿನಲ್ಲಿ ಜಿಪಿಎಸ್ 94 ತೋರಿಸುತ್ತಿತ್ತು, ಈಗ 97–98. ಅಳತೆ ಬದಲಿಂದ ಬಂದದ್ದು ಶೇಕಡ 2, ಸವೆದ ಬಟನ್ ತುಂಬಿಕೊಂಡದ್ದರಿಂದ ಇನ್ನೂ ಹೆಚ್ಚುಕಡಿಮೆ 2. ಓಡೋಮೀಟರ್ ಈಗ ಮೊದಲಿಗಿಂತ ಕಡಿಮೆ ಎಣಿಸುತ್ತದೆ, ಹಾಗಾಗಿ ಬಂಕಿನಲ್ಲಿ ಹಾಕುವ ಮೈಲೇಜು ಲೆಕ್ಕ ಬಿದ್ದಂತೆ ಕಾಣುತ್ತದೆ. ಹಳೆಯ ಅಂಕಿಗೆ ಹೋಲಿಸುವ ಮೊದಲು ಶೇಕಡ 4 ಕೂಡಿಸಿಕೊಳ್ಳಿ.

67,700: ಅಂಗೈಗೆ ಗರಗಸ

ಮುಂದಿನ ಎಡ ಟೈರು: ಹೊರಅಂಚು 6.9, ನಡು 6.8, ಒಳಅಂಚು 5.9. ಬಲದ ಒಳಅಂಚು 6.4. ಅಂಗೈಯನ್ನು ಒಳಗಿನಿಂದ ಹೊರಕ್ಕೆ ಸವರಿದರೆ ನುಣುಪು, ಹೊರಗಿನಿಂದ ಒಳಕ್ಕೆ ಸವರಿದರೆ ಗರಗಸದ ಹಲ್ಲು. ಚಕ್ರಗಳು ಮುಂದೆ ಹೊರಕ್ಕೆ ತೆರೆದುಕೊಂಡಿವೆ. ಕಿಟಕಿ ಇಳಿಸಿದಾಗ ಕೇಳುವ ‘ಗುಂಯ್’ ಸದ್ದನ್ನು ವೀಲ್ ಬೇರಿಂಗ್ ಎಂದುಕೊಂಡರೆ ಮೋಸ ಹೋದಂತೆ.

ಯಂತ್ರದಲ್ಲಿ ಒಟ್ಟು ಟೋ, ಅಂದರೆ ಎರಡು ಚಕ್ರಗಳ ಮುಂತುದಿ ಓರೆಯಾದ ಕೋನ, 14 ನಿಮಿಷ ಹೊರಕ್ಕೆ (60 ನಿಮಿಷಕ್ಕೆ ಒಂದು ಡಿಗ್ರಿ). ಡಿಗ್ರಿಯ ಕಾಲು ಭಾಗವೂ ಇಲ್ಲ. ಆದರೂ ಚಕ್ರಗಳು ತಲಾ 7 ನಿಮಿಷ ಹಂಚಿಕೊಂಡರೆ ಪ್ರತಿ ಕಿ.ಮೀ.ಗೆ 2 ಮೀಟರ್ ಅಡ್ಡಕ್ಕೆ ಉಜ್ಜಿದ ಲೆಕ್ಕ. ನಾಲ್ಕು ಸಾವಿರ ಕಿ.ಮೀ. ಹೀಗೇ ಓಡಿದರೆ ಟೈರು ಎಂಟು ಕಿ.ಮೀ. ಪಕ್ಕಕ್ಕೆ ಎಳೆಸಿಕೊಂಡು ಹೋಗಿದೆ.

ಅಲೈನ್‌ಮೆಂಟ್ ಹುಡುಗ ಟೈ ರಾಡ್ ತಿರುಗಿಸಲು ಸಿದ್ಧನಾಗಿದ್ದ. ಮೊದಲು ಕಾರು ಎತ್ತಿ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಹಿಂದಿನ ರಬ್ಬರ್ ಬುಶ್‌ಗೆ ಕಬ್ಬಿಣದ ಕಡ್ಡಿ ಕೊಟ್ಟು ಮೀಟಿಸಿ ನೋಡಿದರೆ ಎಡಗಡೆಯದು ಹರಿದಿದೆ. ಅದು ಹರಿದಿರುವಾಗ ಮಾಡಿದ ಅಲೈನ್‌ಮೆಂಟ್ ಕಾರು ನಿಂತಿದ್ದಾಗ ಮಾತ್ರ ಸರಿ. ಬ್ರೇಕ್ ಒತ್ತಿದ ಕೂಡಲೇ ಚಕ್ರ ಬೇರೆ ದಿಕ್ಕಿಗೆ ಹೊರಳುತ್ತದೆ. ಬುಶ್ ಎರಡೂ ಕಡೆ ಬದಲಿಸಿ, ಕಾರು ನೆಲದ ಮೇಲೆ ತನ್ನ ತೂಕದಲ್ಲಿ ನಿಂತಿರುವಾಗಲೇ ಬೋಲ್ಟ್ ಬಿಗಿಸಬೇಕು. ಎತ್ತಿದ ಸ್ಥಿತಿಯಲ್ಲಿ ಬಿಗಿಸಿದರೆ ಹೊಸ ಬುಶ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ಟೋ. ಈ ಕಾರಿನಲ್ಲಿ ಹಿಂದಿನ ಆಕ್ಸಲ್‌ಗೆ ಹೊಂದಾಣಿಕೆಯೇ ಇಲ್ಲ. ನಾಲ್ಕೂ ಚಕ್ರ ಸರಿ ಮಾಡಿದೆವು ಎಂದು ಬಿಲ್ ಕೊಟ್ಟರೆ ಹಿಂದೆ ಏನು ತಿರುಗಿಸಿದಿರಿ ಎಂದು ಕೇಳಬಹುದು.

ಒಮ್ಮೆ ಎದ್ದ ಗರಗಸದ ಹಲ್ಲು ತಾನಾಗಿ ಹೋಗಲು ಮೂರ್ನಾಲ್ಕು ಸಾವಿರ ಕಿ.ಮೀ. ಬೇಕು. ಆ ಜೋಡಿಯನ್ನು 69,500ರಲ್ಲಿ ಹಿಂದಕ್ಕೆ ಹಾಕಿದ್ದಾಯಿತು. ಸದ್ದು ಹಿಂಬದಿಗೆ ಹೋಗಿ ನಿಧಾನಕ್ಕೆ ಅಡಗಿತು.

ಗಾಳಿ

ನಾಲ್ಕಕ್ಕೂ ತಣ್ಣಗಿರುವಾಗ 33 ಪಿಎಸ್‌ಐ. ನೈಟ್ರೋಜನ್ ಬಗ್ಗೆ ಕೇಳುವವರಿಗೆ: ಬಂಕಿನ ಪುಕ್ಕಟೆ ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ.

ಪ್ರತಿ 10 ಡಿಗ್ರಿಗೆ ಸುಮಾರು 1.5 ಪಿಎಸ್‌ಐ ಏರುತ್ತದೆ, ಇಳಿಯುತ್ತದೆ. ಘಟ್ಟದ ಕಡೆಯವರಿಗೆ ಇನ್ನೊಂದು ಲೆಕ್ಕವಿದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲೆ. ಇಲ್ಲಿ 33 ಹಾಕಿ ಮಂಗಳೂರಿಗೆ ಇಳಿದರೆ ಹೊರಗಿನ ಗಾಳಿಯ ಒತ್ತಡ ಹೆಚ್ಚಿದ್ದರಿಂದಲೇ ಗೇಜಿನಲ್ಲಿ 1.5 ಕಡಿಮೆ ಕಾಣಬೇಕು. ಅಲ್ಲಿನ ಸೆಕೆ ಅದನ್ನು ಬಹುಪಾಲು ತುಂಬಿಕೊಡುತ್ತದೆ. ಅಲ್ಲಿನ ಬೆಳಗ್ಗೆ ಗೇಜು 32.5 ತೋರಿಸಿದರೆ ಪಂಕ್ಚರ್ ಅಲ್ಲ. ಇಳಿದ ತಕ್ಷಣ ಬಿಸಿ ಟೈರಿನಲ್ಲಿ 37 ಕಂಡು ಗಾಳಿ ಬಿಡುವುದು ದೊಡ್ಡ ತಪ್ಪು, ಮರುದಿನ ಬೆಳಗ್ಗೆ 29ಕ್ಕೆ ಬಂದಿರುತ್ತದೆ.

ಮಳೆಗಾಲ, 74,000

ಒದ್ದೆ ರಸ್ತೆಯಲ್ಲಿ ಎರಡನೇ ಗೇರಿನಿಂದ ಟರ್ಬೊ ಎದ್ದಾಗ ಹಳೆ ಟೈರು ನಿಂತಲ್ಲೇ ಸುತ್ತಿ, ಚಕ್ರ ಜಾರುತ್ತಿದೆ ಎಂದು ಎಚ್ಚರಿಸುವ ದೀಪ ಮಿನುಗುತ್ತಿದ್ದ ಜಾಗಗಳಲ್ಲಿ ಈಗ ದೀಪವಿಲ್ಲ. ಅಗಲ ಹೆಚ್ಚಿದ ಟೈರು ನಿಂತ ನೀರಿನಲ್ಲಿ ತುಸು ಬೇಗ ತೇಲುತ್ತದೆ ಎಂಬುದೂ ನಿಜ, ಆದರೆ 10 ಮಿ.ಮೀ. ಅಗಲದ ನಷ್ಟಕ್ಕಿಂತ 5 ಮಿ.ಮೀ. ಬಟನ್ನಿನ ಲಾಭ ದೊಡ್ಡದು. ಎರಡೇ ಟೈರು ಕೊಳ್ಳುವಷ್ಟು ಹಣವಿದ್ದರೆ ಹೊಸದನ್ನು ಹಿಂದಕ್ಕೆ ಹಾಕಿ. ಮುಂದಿನ ಚಕ್ರ ಜಾರಿದರೆ ಆಕ್ಸಲರೇಟರ್ ಬಿಟ್ಟು ಸುಧಾರಿಸಬಹುದು, ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆದಿರುತ್ತದೆ.

83,500: ಈಗ

77,500ರಲ್ಲಿ ಎರಡನೇ ಸಲ ಮುಂದೆ–ಹಿಂದೆ ಬದಲಾಯಿಸಿದ್ದಾಗಿದೆ. ಮೂರು ಟೈರು 4.9ರಿಂದ 5.2, ಹಳೆ ಗಾಯದ ಟೈರಿನ ಒಳಅಂಚು ಮಾತ್ರ 4.3. ಇದೇ ಗತಿಯಲ್ಲಿ 3 ಮಿ.ಮೀ. ಮುಟ್ಟಲು ಸುಮಾರು 16,000 ಕಿ.ಮೀ., ಆ ಒಂದಕ್ಕೆ ಹತ್ತು ಸಾವಿರ.

ಸ್ಟೆಪ್ನಿ ಇನ್ನೂ 185/60. ವ್ಯಾಸದಲ್ಲಿ ಹೊಸ ಟೈರಿಗೂ ಅದಕ್ಕೂ 12 ಮಿ.ಮೀ. ವ್ಯತ್ಯಾಸ. ಅದನ್ನು ಮುಂದೆ ಹಾಕಿದರೆ, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗುತ್ತಿರುತ್ತದೆ. ಮುಂದೆ ಪಂಕ್ಚರ್ ಆದರೆ ಹಿಂದಿನ ಒಳ್ಳೆಯ ಚಕ್ರ ಮುಂದಕ್ಕೆ, ಸ್ಟೆಪ್ನಿ ಹಿಂದಕ್ಕೆ. ಎರಡು ಸಲ ಜಾಕ್ ಹಾಕುವ ಕಷ್ಟ. ಅದರಲ್ಲಿ ಗಾಳಿ 38 ಇಟ್ಟಿರುತ್ತದೆ, ನೋಡಲು ಮರೆತರೂ ಬೇಕಾದ ದಿನ 30ರ ಮೇಲಿರಲಿ ಎಂದು. ಇವತ್ತು ನೋಡಿದಾಗ 34.