ನಡಕಷ್ಟ ಸವದ ಟೈರು

ಇವತ್ತ ಬೈಕಿನ ಹಿಂದಿನ ಟೈರ್ ಬಿಚ್ಚಿಸಿದ್ನಿ. ಅಂಗಡಿ ಕಾಕಾ ಅಂಗೈ ಆಡಿಸಿ ನೋಡಿ "ಏನ್ರೀ ಸರ, ನಡಕ ರೊಟ್ಟಿ ಹಂಚಿನಗತೆ ಚಪ್ಪಟ ಆಗೇತಿ, ಬಾಜೂಕ ರಬ್ಬರಿನ ಕೂದಲಾ ಇನ್ನಾ ಹಂಗ ಅದಾವು, ತಿರುವಿನ್ಯಾಗ ಗಾಡಿ ಒಮ್ಮೆರೆ ವಾಲಿಸೀರೋ ಇಲ್ಲೋ" ಅಂತ ನಕ್ಕ.

ಎಲ್ಲಿ ವಾಲಿಸೂದ್ರೀ ಕಾಕಾ, ವಿಜಯಪುರದಿಂದ ಸೊಲ್ಲಾಪುರಕ್ಕ ಹೋದ್ರ ರೋಡ್ ಗೆರಿ ಹೊಡದಂಗ ಐತಿ, ಮ್ಯಾಲೆ ಈ ಬಿಸಲು ಬ್ಯಾರೆ.

ಕಡೀಕ ಡ್ಯುಯಲ್ ಕಾಂಪೌಂಡ್ ಟೂರಿಂಗ್ ಟೈರ್ ಹಾಕ್ಸಿದ್ನಿ. ನಡಕ ಗಟ್ಟಿ ರಬ್ಬರು, ಬಾಜೂಕ ಮೆತ್ತಂದು. ಸೈಡಿನ್ಯಾಗಿನ 4 ಅಂಕಿನೂ ಓದಿದ್ನಿ, ಮೊದಲಿನ ಎರಡು ಅಂಕಿ ಟೈರ್ ತಯಾರಾದ ವಾರ, ಆಮ್ಯಾಲಿನ ಎರಡು ಅಂಕಿ ವರ್ಷ, ಹಳೇ ಸ್ಟಾಕ್ ತಲಿಗೆ ಕಟ್ಟಬಾರ್ದಲ್ಲ!

ಆದ್ರ ಆ ಕೂದಲಾ ಮನಸಿನ್ಯಾಗ ಉಳದಾವು ನೋಡ್ರಿ. ಬೆಳಗಾವಿ ದಾಟಿದ್ರ ಚೋರ್ಲಾ ಘಾಟ್, ತಿರುವಿನ ಮ್ಯಾಲೆ ತಿರುವು, ಎರಡ ವರ್ಷದಿಂದ ಗ್ರೂಪಿನ್ಯಾಗ "ಹೋಗೂಣ್ರೋ" ಅಂತ ಬರೀ ಮೆಸೇಜ್ ಹಾಕೂದ ಆತು.

ಹೊಸಾ ಟೈರು ಜಾರ್ತೈತಿ, ಮೊದ್ಲ 150 ಕಿಮೀ ಮೆಲ್ಲಕ ಓಡಸ್ರಿ ಅಂದಾನ ಕಾಕಾ. ಅದರಾಗ ಅರ್ಧಾ ದಾರಿ ಮುಗೀತೈತಿ. ಯಾರ್ ಬರ್ತೀರಿ?