ಮೂಲವ್ಯಾಧಿ ಎಂದು ತೀರ್ಮಾನಿಸುವ ಮೊದಲು

ಮಲದಲ್ಲಿ ರಕ್ತ ಕಂಡರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಮೂಲವ್ಯಾಧಿ ಇರಬೇಕು’ ಎಂಬುದು, ಎರಡನೆಯದು ‘ಉಷ್ಣವಾಗಿದೆ, ಮಜ್ಜಿಗೆ ಕುಡಿ’ ಎಂಬುದು. ಬಹಳಷ್ಟು ಸಲ ಮೊದಲನೆಯ ಊಹೆ ನಿಜವೇ ಆಗಿರುವುದರಿಂದ ಅದನ್ನು ಪರೀಕ್ಷಿಸಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ನನ್ನ ಸೋದರಮಾವನಿಗೆ ತಿಂಗಳುಗಟ್ಟಲೆ ಮುಲಾಮು, ಇಸಬ್‌ಗೋಲ್ ಬರೆದುಕೊಟ್ಟವರಲ್ಲಿ ಒಬ್ಬರೂ ಕೈಗವಸು ಹಾಕಿಕೊಂಡು ಬೆರಳಿನಿಂದ ಗುದನಾಳವನ್ನು ಪರೀಕ್ಷಿಸಿರಲಿಲ್ಲ. ಅವರಿಗಿದ್ದದ್ದು ಗುದನಾಳದ ಕ್ಯಾನ್ಸರ್, ಗೆಡ್ಡೆಯಾದರೋ ಬೆರಳಿಗೆ ಎಟಕುವಷ್ಟು ಕೆಳಗೇ ಇತ್ತು. ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆಗೆ ರೋಗಿ ನಾಚುವುದು ಸಹಜ, ವೈದ್ಯರು ನಾಚುವುದನ್ನು ಮಾತ್ರ ನಾನು ಒಪ್ಪಲಾರೆ.

ಕರುಳಿನ ಬಲಭಾಗದಲ್ಲಿ ಗೆಡ್ಡೆ ಇದ್ದರೆ ರಕ್ತ ಕಣ್ಣಿಗೇ ಬೀಳದೆ ಹೋಗಬಹುದು. ಸುಸ್ತು, ರಕ್ತಹೀನತೆ ಎಂದು ಕೊಡುವ ಕಬ್ಬಿಣಾಂಶದ ಮಾತ್ರೆಯಿಂದ ಹಿಮೋಗ್ಲೋಬಿನ್ ಏರುತ್ತದೆ, ಮಲ ಕಪ್ಪಾಗುತ್ತದೆ, ಮೂಲ ಕಾರಣ ಇನ್ನಷ್ಟು ಮರೆಯಾಗುತ್ತದೆ. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶ ಏಕೆ ಕಡಿಮೆಯಾಯಿತೆಂದು ಕೇಳದೆ ಮಾತ್ರೆ ಕೊಡುವುದು ಅರ್ಧ ಚಿಕಿತ್ಸೆಯಷ್ಟೆ.

ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್ ಎಂಬ ಸಣ್ಣ ಬೆಳವಣಿಗೆಯಿಂದ ಹುಟ್ಟುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುವುದರಿಂದ, ಕೊಲೊನೋಸ್ಕೋಪಿಯಲ್ಲಿ (ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ ತೂರಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಕಂಡ ಪಾಲಿಪ್ಪನ್ನು ಆಗಲೇ ತೆಗೆದುಹಾಕಿ ರೋಗವನ್ನೇ ತಡೆಯಬಹುದು. ಅಮೆರಿಕದಲ್ಲಿ ಲಕ್ಷಣಗಳಿಲ್ಲದವರಿಗೂ ತಪಾಸಣೆ ಆರಂಭಿಸುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿದರು. ಭಾರತದ ಸರ್ಕಾರಿ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳನ್ನಷ್ಟೇ ಒಳಗೊಂಡಿದೆ. ಇಲ್ಲಿ ಈ ರೋಗದ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ ಇರುವುದರಿಂದ ಅದು ತಪ್ಪೆಂದು ನನಗೆ ಅನಿಸುವುದಿಲ್ಲ, ಆದರೆ ಆಗ ಲಕ್ಷಣಗಳನ್ನೂ ಕುಟುಂಬದ ಇತಿಹಾಸವನ್ನೂ ಹಗುರವಾಗಿ ಕಾಣುವಂತಿಲ್ಲ. ಹೆತ್ತವರಿಗೆ ಅಥವಾ ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ 40ನೆಯ ವಯಸ್ಸಿಗೆ, ಇಲ್ಲವೇ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಇವೆರಡರಲ್ಲಿ ಯಾವುದು ಮುಂಚೆ ಬರುತ್ತದೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. ಮಾವನಿಗೆ ಪತ್ತೆಯಾದದ್ದು 46ಕ್ಕೆ; ಹಾಗಾಗಿ ಅವರ ಮಕ್ಕಳ ಲೆಕ್ಕ 36ರಿಂದಲೇ ಶುರು.

ಕೊಲೊನೋಸ್ಕೋಪಿಯಲ್ಲಿ ನಿಜವಾಗಿ ಕಷ್ಟವಾಗುವುದು ಹಿಂದಿನ ದಿನ. ಸೊಪ್ಪು, ಕಾಳು, ಬೀಜವಿರುವ ಹಣ್ಣು, ರಾಗಿ ಎಲ್ಲ ಬಂದ್. ಎಳನೀರು, ಸೋಸಿದ ತಿಳಿಸಾರಿನಂಥವು ಮಾತ್ರ. ಸಂಜೆಯಿಂದ ಲೀಟರುಗಟ್ಟಲೆ ನೀರಿನಲ್ಲಿ ಕದಡಿದ ಪುಡಿಯನ್ನು ಕುಡಿಯುತ್ತ, ಹೊರಹೋಗುವುದು ತಿಳಿ ಹಳದಿ ನೀರಾಗುವವರೆಗೆ ಶೌಚಾಲಯಕ್ಕೆ ಓಡಾಡಬೇಕು. ಕರುಳು ಅರ್ಧಂಬರ್ಧ ಸ್ವಚ್ಛವಾದರೆ ಪಾಲಿಪ್ ಕಣ್ತಪ್ಪುತ್ತದೆ. ಇನ್ನು ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಸೇರಿಸುವ ಸಿಇಎ (ಕೆಲವು ಕ್ಯಾನ್ಸರ್‌ಗಳಲ್ಲಿ ಏರಬಹುದಾದ ಒಂದು ಪ್ರೋಟೀನ್) ರಕ್ತಪರೀಕ್ಷೆ ಇದಕ್ಕೆ ಬದಲಿಯಲ್ಲ. ಚಿಕಿತ್ಸೆಯ ನಂತರ ರೋಗ ಮರುಕಳಿಸಿದೆಯೇ ಎಂದು ನಿಗಾ ಇಡಲು ಅದರ ಉಪಯೋಗ.

ಬಯಾಪ್ಸಿಯಲ್ಲಿ, ಅಂದರೆ ಗೆಡ್ಡೆಯ ತುಣುಕು ತೆಗೆದು ನೋಡುವ ಪರೀಕ್ಷೆಯಲ್ಲಿ, ಕ್ಯಾನ್ಸರ್ ಖಚಿತವಾದ ಮೇಲೆ ಅದು ಎಷ್ಟು ಹರಡಿದೆಯೆಂದು ತಿಳಿಯಲು ಸಿಟಿ ಸ್ಕ್ಯಾನ್, ಗುದನಾಳದ್ದಾದರೆ ಜೊತೆಗೆ ಎಂಆರ್‌ಐ ಬೇಕು. ಹರಡದ ಕರುಳಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಮೊದಲು ಶಸ್ತ್ರಚಿಕಿತ್ಸೆ; ಗುದನಾಳದಲ್ಲಿ ಬೆಳೆದ ಗೆಡ್ಡೆಗೆ ಅನೇಕ ವೇಳೆ ಮೊದಲು ರೇಡಿಯೇಷನ್ ಮತ್ತು ಕೀಮೊ. ಬಯಾಪ್ಸಿ ತುಣುಕಿನಲ್ಲೇ ಎಂಎಂಆರ್ ಪರೀಕ್ಷೆ ಮಾಡಿಸಿ ಎಂದು ಕೇಳಿ; ಜೀವಕೋಶದ ಡಿಎನ್‌ಎ ತಪ್ಪುಗಳನ್ನು ಸರಿಪಡಿಸುವ ವ್ಯವಸ್ಥೆಯಲ್ಲಿ ದೋಷವಿದೆಯೇ ಎಂದು ಅದು ತಿಳಿಸುತ್ತದೆ. ಆ ದೋಷವಿರುವ ಗುದನಾಳದ ಕ್ಯಾನ್ಸರ್ ರೋಗಿಗಳಿಗೆ ನ್ಯೂಯಾರ್ಕಿನಲ್ಲಿ ಡೊಸ್ಟಾರ್ಲಿಮ್ಯಾಬ್ ಎಂಬ ಇಮ್ಯುನೋಥೆರಪಿ (ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ) ಔಷಧ ಕೊಟ್ಟಾಗ, 2022ರ ವರದಿಯಲ್ಲಿದ್ದ 12 ಜನರಲ್ಲೂ ಶಸ್ತ್ರಚಿಕಿತ್ಸೆಯಿಲ್ಲದೆ ಗೆಡ್ಡೆ ಮಾಯವಾಗಿತ್ತು. ಅಂಥ ದೋಷವಿರುವವರು ಕೆಲವರೇ, ಆದರೆ ಅದು ಕರುಳಿನ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ಆನುವಂಶಿಕ ಲಿಂಚ್ ಸಿಂಡ್ರೋಮಿನ ಸುಳಿವೂ ಆಗಬಹುದು.

ಆಕ್ಸಾಲಿಪ್ಲಾಟಿನ್ ಎಂಬ ಕೀಮೊ ಔಷಧ ಶುರುವಾದ ಮೇಲೆ ಮಾವ ಫ್ರಿಜ್ಜಿನ ಸ್ಟೀಲ್ ಪಾತ್ರೆ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು, ತಣ್ಣೀರು ಗಂಟಲಲ್ಲಿ ಚುಚ್ಚುತ್ತಿತ್ತು. ಈ ಜೋಮು ಕೆಲವರಲ್ಲಿ ವರ್ಷಗಳ ಕಾಲ ಉಳಿಯುತ್ತದೆ. ದೊಡ್ಡ ಕರುಳಿನ ಮೂರನೇ ಹಂತದ (ಹತ್ತಿರದ ದುಗ್ಧಗ್ರಂಥಿಗಳಿಗೆ ಹರಡಿದ) ಕ್ಯಾನ್ಸರಿನಲ್ಲಿ ರೋಗ ಮರುಕಳಿಸುವ ಅಪಾಯ ಕಡಿಮೆ ಇರುವವರಿಗೆ ಆರು ತಿಂಗಳ ಬದಲು ಮೂರು ತಿಂಗಳ ಕೀಮೊ ಸಾಕಾಗಬಹುದು. ಔಷಧ ಆರಂಭಿಸುವ ಮುನ್ನವೇ ವೈದ್ಯರೊಡನೆ ಇದನ್ನು ಚರ್ಚಿಸಬಹುದು.