ಹಿಮದಲ್ಲಿ ಸಿಕ್ಕಿಬಿದ್ದ ಗೂಡ್ಸ್ ರೈಲಿಗೆ ವಿಶ್ವಕೋಶದಲ್ಲಿ ಜಾಗ ಕೊಡಬೇಕಾ?

ನಾನು ಒಂದು ಆನ್‌ಲೈನ್ ವಿಶ್ವಕೋಶದ ಸಿನಿಮಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಬರೆಯುವುದಕ್ಕಿಂತ ಯಾವುದನ್ನು ಬರೆಯಬಾರದು ಅಂತ ತೀರ್ಮಾನಿಸುವುದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ. ಹೊಸ ಸಿನಿಮಾಗಳದ್ದು ಅಷ್ಟು ಕಷ್ಟವಿಲ್ಲ. ತಲೆ ತಿನ್ನುವುದು ಹಳೆಯ ಸಾಕ್ಷ್ಯಚಿತ್ರಗಳು. ಅದರಲ್ಲೂ ರೈಲ್ವೆಯವರೇ ದುಡ್ಡು ಹಾಕಿ ತೆಗೆಸಿದವು.

ಇತ್ತೀಚೆಗೆ ನನ್ನ ಪಾಲಿಗೆ ಬಂದದ್ದು ‘ಸ್ನೋಡ್ರಿಫ್ಟ್ ಆಟ್ ಬ್ಲೀತ್ ಗಿಲ್’. 1955ರ ಫೆಬ್ರವರಿಯಲ್ಲಿ ಉತ್ತರ ಇಂಗ್ಲೆಂಡಿನ ಸ್ಟೇನ್‌ಮೋರ್ ಮಾರ್ಗದಲ್ಲಿ ಒಂದು ಗೂಡ್ಸ್ ರೈಲು ಹಿಮದಲ್ಲಿ ಹೂತುಹೋಯಿತು. ಆ ಹಳಿ 1,370 ಅಡಿ ಎತ್ತರಕ್ಕೆ ಹತ್ತುತ್ತಿತ್ತು. ಸುತ್ತ ಬರೀ ಬಯಲು ಬೆಟ್ಟ. ಜೋರು ಗಾಳಿ ಬೀಸಿದರೆ ಹಿಮ ಹಳಿಯ ಮೇಲೇ ರಾಶಿ ಬೀಳುತ್ತಿತ್ತು. ಸಿಕ್ಕಿಬಿದ್ದ ಎಂಜಿನ್ ನಂಬರ್ 78018. ಕೆಲಸಗಾರರು ಸಲಿಕೆ ಹಿಡಿದು ಅದನ್ನು ಬಿಡಿಸಿದ ಕಥೆಯೇ ಈ ಹತ್ತು ನಿಮಿಷದ ಚಿತ್ರ. ನೋಡುತ್ತಾ ಕೂತರೆ ಕಣ್ಣು ತೆಗೆಯಲಾಗುವುದಿಲ್ಲ.

ಆದರೆ ಚೆನ್ನಾಗಿದೆ ಅನ್ನುವುದು ನಮ್ಮಲ್ಲಿ ಲೆಕ್ಕಕ್ಕಿಲ್ಲ. ಹಳೆಯದು, ಅಪರೂಪದ್ದು ಅನ್ನುವುದೂ ಇಲ್ಲ. ಈ ಚಿತ್ರಕ್ಕೆ ಸಂಬಂಧವೇ ಇಲ್ಲದ ಯಾರಾದರೂ ಕೂತು ಇದರ ಬಗ್ಗೆ ಬರೆದಿದ್ದಾರಾ? ಅಷ್ಟು ನೋಡುತ್ತೇವೆ. ಇದನ್ನು ತೆಗೆದದ್ದು ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಫಿಲ್ಮ್ಸ್. 1949ರಲ್ಲಿ ಶುರುವಾದ ಸಂಸ್ಥೆ, ಮುಖ್ಯಸ್ಥರು ಎಡ್ಗರ್ ಆನ್‌ಸ್ಟಿ. ರೈಲ್ವೆಯೂ ಈ ಸಂಸ್ಥೆಯೂ ಆಗ ಒಂದೇ ಸರ್ಕಾರಿ ಆಯೋಗದ ಕೈಕೆಳಗಿದ್ದವು. ಹಾಗಾಗಿ ಅವರ ಕ್ಯಾಟಲಾಗು, ಸಿಬ್ಬಂದಿ ಪತ್ರಿಕೆ ಎರಡನ್ನೂ ಪಕ್ಕಕ್ಕಿಡಬೇಕು. ಮದುವೆ ಮನೆಯವರೇ ಅಡುಗೆ ಚೆನ್ನಾಗಿತ್ತು ಅಂದರೆ ಯಾರು ನಂಬುತ್ತಾರೆ?

ಇದೇ ಸಂಸ್ಥೆಯ ಕೆಲವು ಚಿತ್ರಗಳಿಗೆ ಇಷ್ಟು ಯೋಚನೆಯೇ ಬೇಡ. ಜಾನ್ ಶ್ಲೆಸಿಂಜರ್ ವಾಟರ್‌ಲೂ ನಿಲ್ದಾಣದ ಮೇಲೆ ತೆಗೆದ ‘ಟರ್ಮಿನಸ್’ ವೆನಿಸ್‌ನಲ್ಲಿ ಪ್ರಶಸ್ತಿ ಪಡೆಯಿತು. ಜೆಫ್ರಿ ಜೋನ್ಸ್ ಅವರ ‘ಸ್ನೋ’ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ಅವು ಬಂದ ಕೂಡಲೇ ಟಿಕ್ ಹಾಕಿ ಕಳಿಸಬಹುದು.

ಬ್ಲೀತ್ ಗಿಲ್ ಕಥೆ ಬೇರೆ. ಇದರ ಹೆಸರು ಹುಡುಕಿದರೆ ರಾಶಿ ರಾಶಿ ಸಿಗುತ್ತದೆ. ಯಾಕೆಂದರೆ ಆ 78018 ಎಂಜಿನ್ ಗುಜರಿ ಅಂಗಳಕ್ಕೆ ಹೋದರೂ ತುಂಡಾಗದೆ ಉಳಿಯಿತು. ರೈಲು ಹುಚ್ಚಿನವರು ಅದನ್ನು ಕಾಪಾಡಿಕೊಂಡರು. ಆ ಎಂಜಿನ್ ಬಗ್ಗೆ ಬರೆಯುವವರೆಲ್ಲ ಚಿತ್ರದ ಹೆಸರನ್ನೂ ಒಂದು ಸಾಲಿನಲ್ಲಿ ಹೇಳುತ್ತಾರೆ. ಸ್ಟೇನ್‌ಮೋರ್ ಮಾರ್ಗ 1962ರಲ್ಲಿ ಮುಚ್ಚಿತು. ಅದರ ನೆನಪಿನ ಬರಹಗಳಲ್ಲೂ ಅದೇ ಒಂದು ಸಾಲು.

ಇಂಥ ಕಡೆ ನಾನು ಮಾಡುವುದು ಇಷ್ಟೇ. ಸಿಕ್ಕಿದ್ದನ್ನೆಲ್ಲ ಪ್ರಿಂಟ್ ತೆಗೆದು, ಎಂಜಿನ್ ಬಗ್ಗೆ ಇರುವ ವಾಕ್ಯಗಳನ್ನು ಪೆನ್ಸಿಲಿನಲ್ಲಿ ಹೊಡೆಯುತ್ತೇನೆ. ಆಮೇಲೆ ಹಳಿಯ ಬಗ್ಗೆ, ಹಿಮದ ಬಗ್ಗೆ ಇರುವುದನ್ನು. ಕ್ಯಾಮೆರಾ ಯಾರು ಹಿಡಿದರು, ದೃಶ್ಯಗಳನ್ನು ಹೇಗೆ ಜೋಡಿಸಿದರು, ನೋಡಿದವರು ಏನಂದರು ಅನ್ನುವುದು ಎಷ್ಟು ಉಳಿಯುತ್ತದೋ ಅಷ್ಟೇ ಚಿತ್ರದ ಆಸ್ತಿ. ಬಹಳ ಸಲ ಹಾಳೆ ಪೂರ್ತಿ ಗೀಟು ಬಿದ್ದಿರುತ್ತದೆ.

ಗೂಗಲ್‌ನಲ್ಲಿ ಸಿಗದಿದ್ದರೆ ವಿಮರ್ಶೆಯೇ ಬಂದಿಲ್ಲ ಅಂತಲ್ಲ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1934ರಿಂದ ‘ಮಂತ್ಲಿ ಫಿಲ್ಮ್ ಬುಲೆಟಿನ್’ ತರುತ್ತಿತ್ತು. ಕಿರುಚಿತ್ರಗಳ ಬಗ್ಗೆಯೂ ಅದರಲ್ಲಿ ಬರೆಯುತ್ತಿದ್ದರು. ಹಳೆಯ ಸಂಚಿಕೆಗಳನ್ನು ತಿರುವಿ ಹಾಕದೆ ‘ಇಲ್ಲ’ ಅಂತ ಬರೆಯುವುದು ಸೋಮಾರಿತನ. ಇಂಗ್ಲಿಷ್ ವಿಕಿಪೀಡಿಯಾದ ಸಿನಿಮಾ ಮಾರ್ಗಸೂಚಿಯಲ್ಲಿ ಹಳೆಯ ಚಿತ್ರಗಳಿಗೆ ಒಂದು ಒಳ್ಳೆಯ ಅಳತೆ ಇದೆ. ತೆರೆಕಂಡು ಕನಿಷ್ಠ 5 ವರ್ಷ ಆದ ಮೇಲೆ ಯಾರಾದರೂ ಅದರ ಬಗ್ಗೆ ಗಟ್ಟಿಯಾಗಿ ಬರೆದಿದ್ದಾರಾ, ಅದನ್ನು ಮತ್ತೆ ಬಿಡುಗಡೆ ಮಾಡಿದ್ದಾರಾ ಅಂತ ನೋಡುತ್ತಾರೆ. ಅದೂ ಸುಳಿವು ಮಾತ್ರ, ಪಾಸ್ ಅಲ್ಲ.

ಈ ಅಳತೆ ನಮ್ಮ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ ಚಿತ್ರಗಳಿಗೆ ಹಿಡಿದರೆ ಹೊಟ್ಟೆ ಉರಿಯುತ್ತದೆ. 1948ರಲ್ಲಿ ಶುರುವಾದ ಆ ಸಂಸ್ಥೆಯ ಚಿತ್ರಗಳನ್ನು ಟಾಕೀಸುಗಳಲ್ಲಿ ಕಡ್ಡಾಯವಾಗಿ ತೋರಿಸುತ್ತಿದ್ದರು. ಊರೂರಲ್ಲಿ ಜನ ನೋಡಿದರು. ವಿಮರ್ಶೆ ಬರೆದವರು ಮಾತ್ರ ಕಡಿಮೆ. ನೋಡಿದವರ ಸಂಖ್ಯೆಯನ್ನು ಆಧಾರ ಅಂತ ತೋರಿಸಲು ಆಗುವುದಿಲ್ಲ, ಏನು ಮಾಡೋಣ.

ಬ್ಲೀತ್ ಗಿಲ್‌ಗೆ ನಾನು ‘ಇರಲಿ’ ಅಂತ ಬರೆದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅದನ್ನು ದಶಕಗಳ ನಂತರ ಆರಿಸಿ ಡಿವಿಡಿ ಸಂಗ್ರಹವೊಂದರಲ್ಲಿ ತಂದಿತು. ಆ ಆಯ್ಕೆ ರೈಲ್ವೆಯವರದ್ದಲ್ಲ.

ನಮ್ಮ ಹಿರಿಯ ಸಂಪಾದಕಿ ಒಪ್ಪಲಿಲ್ಲ. “ಡಬ್ಬದೊಳಗೆ ಬಂದದ್ದೆಲ್ಲ ದೊಡ್ಡ ಚಿತ್ರ ಏನ್ರೀ?” ಅಂದರು. ಮಾತು ಸರಿಯೇ. ಸಂಗ್ರಹದಲ್ಲಿ ಹತ್ತಾರು ಚಿತ್ರಗಳಿದ್ದರೆ ಎಲ್ಲಕ್ಕೂ ಒಂದೊಂದು ಲೇಖನ ಕೊಡಲಾಗುವುದಿಲ್ಲ. “ಮೇಡಂ, ಗೀಟು ಹೊಡೆದ ಮೇಲೂ ಇದರಲ್ಲಿ ಎರಡು ಪ್ಯಾರಾ ಉಳಿದಿದೆ, ನೋಡಿ” ಅಂತ ಹಾಳೆ ಕೊಟ್ಟೆ. ಓದಿ ಒಪ್ಪಿಕೊಂಡರು.

ನನ್ನ ಪಾಲಿಗೆ ಬಂದ ಅದೇ ಕಂತೆಯಲ್ಲಿ ಸಿಬ್ಬಂದಿ ತರಬೇತಿಗೆ ತೆಗೆದ ಚಿತ್ರಗಳೂ ಇದ್ದವು. ಅವುಗಳಲ್ಲಿ ಒಂದು ಪ್ಯಾರಾ ಕೂಡ ಉಳಿಯಲಿಲ್ಲ. ಅವನ್ನು ಸಂಸ್ಥೆಯ ಲೇಖನದ ಪಟ್ಟಿಗೆ ಸೇರಿಸಿದೆವು: ಹೆಸರು, ವರ್ಷ, ಅವಧಿ. ನಾಳೆ ಯಾರಾದರೂ ಸಂಶೋಧಕರು ಬರೆದರೆ ಆಗ ಬೇರೆ ಮಾಡಬಹುದು.

ಬ್ಲೀತ್ ಗಿಲ್ ಲೇಖನದಿಂದ 78018ರ ದುರಸ್ತಿ ಕಥೆಯನ್ನು ತೆಗೆದು ಎಂಜಿನ್‌ನ ಲೇಖನಕ್ಕೆ ಕಳಿಸಿದೆ. ಒಂದು ಪುಟ ಇದ್ದದ್ದು ಅರ್ಧಕ್ಕೆ ಇಳಿಯಿತು. ಅದರಲ್ಲೂ ಮೇಡಂ ಎರಡು ವಾಕ್ಯ ಹೊಡೆದು ಹಾಕಿದರು.